ಕಡಲ ನೀರಿನಲ್ಲಿ ಮುಳುಗುವ ಮೊಟ್ಟೆ

ಮಕ್ಕಳಿಗೆ ಕಡಲಿನ ವಿಜ್ಞಾನ ಹೇಳಿಕೊಡುವ ಕೈಪಿಡಿಗಳಲ್ಲಿ ತಪ್ಪದೆ ಒಂದು ಮೊಟ್ಟೆ ಇರುತ್ತದೆ. ಸಿಹಿನೀರಿನ ಲೋಟದಲ್ಲಿ ಅದು ಮುಳುಗುತ್ತದೆ, ಉಪ್ಪುನೀರಿನ ಲೋಟದಲ್ಲಿ ತೇಲುತ್ತದೆ. ಕೆಳಗೊಂದು ಸಾಲು: ಸಮುದ್ರದಲ್ಲಿ ತೇಲುವುದು ಇದಕ್ಕೇ ಸುಲಭ. ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲೋ ಮಂಜೇಶ್ವರದಲ್ಲೋ ಬೇಸಗೆ ಶಿಬಿರದಲ್ಲಿ ಕಡಲ ವಿಜ್ಞಾನ ಹೇಳಿಕೊಡಲು ಬಂದ ಇಂಟರ್ನ್ ಇದನ್ನು ನಂಬಿ, ಎದುರಿನ ಕಡಲಿನಿಂದಲೇ ಒಂದು ಬಕೆಟ್ ನೀರು ತರಿಸಿ, ನಲವತ್ತು ಮಕ್ಕಳ ಮುಂದೆ ಮೊಟ್ಟೆ ಬಿಟ್ಟರೆ ಅದು ಸೀದಾ ತಳಕ್ಕೆ ಹೋಗಿ ಕೂರುತ್ತದೆ.

ಮೊಟ್ಟೆಯದು ತಪ್ಪಲ್ಲ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಸಿಹಿನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ, ನಮ್ಮ ಬೇಸಗೆಯ ಬಿಸಿಯಲ್ಲಿ ಅದರ ಸಾಂದ್ರತೆ 1.02ರ ಆಸುಪಾಸು. ಹೊಸ ಮೊಟ್ಟೆಯದು 1.08ರ ಹತ್ತಿರ. ಅದು ತೇಲಬೇಕಿದ್ದರೆ ಲೀಟರಿಗೆ 120 ಗ್ರಾಂನಷ್ಟು ಉಪ್ಪು ಕರಗಬೇಕು, ಅಂದರೆ ಕಡಲಿನ ಮೂರೂವರೆ ಪಟ್ಟು. ಕೈಪಿಡಿಯ ಲೋಟದಲ್ಲಿರುವುದು ಕಡಲಲ್ಲ, ಉಪ್ಪಿನಕಾಯಿ ಭರಣಿಯ ನೀರು.

ಹಾಗೆಂದು ಈ ಪ್ರಯೋಗ ಬಿಡಬೇಕಾಗಿಲ್ಲ, ಲೋಟ ಎರಡಲ್ಲ ಮೂರಿರಲಿ. ಒಂದರಲ್ಲಿ ಬಾವಿನೀರು, ಒಂದರಲ್ಲಿ ಕಡಲ ನೀರು, ಮೂರನೆಯದರಲ್ಲಿ ಮಕ್ಕಳೇ ಉಪ್ಪು ಬೆರೆಸುತ್ತ ಹೋಗುವ ನೀರು. ಮೊಟ್ಟೆ ಬಿಡುವ ಮೊದಲು ಕೈ ಎತ್ತಿಸಿ: ಕಡಲ ನೀರಲ್ಲಿ ತೇಲುತ್ತದೆ ಎನ್ನುವವರು ಎಷ್ಟು ಮಂದಿ? ಅದು ಮುಳುಗಿದ ಕ್ಷಣ ಸಿಗುವ ಗದ್ದಲಕ್ಕೆ ಬೆಲೆ ಕಟ್ಟಲಾಗದು. ಆಮೇಲೆ ಮೂರನೆಯ ಲೋಟಕ್ಕೆ ಲೀಟರಿಗೆ 20 ಗ್ರಾಂನಂತೆ ಉಪ್ಪು ಸೇರಿಸುತ್ತ, ಪ್ರತಿ ಸಲವೂ ಮೊಟ್ಟೆ ಬಿಟ್ಟು ನೋಡುವುದು. ಪ್ಯಾಕೆಟಿನ ಪುಡಿ ಉಪ್ಪು ಬೇಡ. ಗಂಟು ಕಟ್ಟದಿರಲೆಂದು ಅದಕ್ಕೆ ಬೆರೆಸಿದ ಪದಾರ್ಥದಿಂದ ನೀರು ಹಾಲಿನಂತಾಗಿ ಹಿಂದಿನ ಸಾಲಿನವರಿಗೆ ಮೊಟ್ಟೆಯೇ ಕಾಣುವುದಿಲ್ಲ. ಕಲ್ಲುಪ್ಪು ಒಳ್ಳೆಯದು, ಆದರೆ ಕರಗಲು ಹೊತ್ತು ಬೇಕು, ಕುಟ್ಟಿ ಇಟ್ಟುಕೊಳ್ಳಿ. ಮೊಟ್ಟೆ ಅಂಗಡಿಗೆ ಅಂದೇ ಬಂದದ್ದಾಗಿರಲಿ. ಹಳತಾದಂತೆ ಒಳಗಿನ ತೇವ ಚಿಪ್ಪಿನ ರಂಧ್ರಗಳಿಂದ ಆರಿ, ಗಾಳಿಯ ಗುಳ್ಳೆ ದೊಡ್ಡದಾಗಿ, ಮೊಟ್ಟೆ ಹಗುರವಾಗುತ್ತದೆ. ಬಾವಿನೀರಲ್ಲೇ ತೇಲಿದ ಮೊಟ್ಟೆಯನ್ನು ಎಸೆಯಬೇಕೆಂದು ಅಡುಗೆಮನೆಯ ಅಜ್ಜಿಗೆ ಗೊತ್ತು. ಕಾರಣ ಇದೇ ಎಂದು ಮೊಮ್ಮಗಳು ಮನೆಗೆ ಹೋಗಿ ಹೇಳಿದರೆ ಆ ದಿನದ ಕೆಲಸ ಆಯಿತು.

ಕಡಲ ವಿಜ್ಞಾನವನ್ನು ಜನರ ನಡುವೆ ಒಯ್ಯುವ ಬೇಸಗೆ ಇಂಟರ್ನ್‌ಶಿಪ್ಪಿನಲ್ಲಿ ಹೆಚ್ಚಿನ ಹೊತ್ತು ಹೋಗಬೇಕಾದದ್ದು ಇಂಥ ಕೆಲಸಕ್ಕೆ: ಪುಸ್ತಕದ ಕಡಲನ್ನು ಮನೆಯೆದುರಿನ ಕಡಲಿಗೆ ಹಿಡಿದು ನೋಡುವುದು, ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಪುಸ್ತಕವನ್ನು ಬದಿಗಿಡುವುದು. ಕಾಸರಗೋಡಿನಲ್ಲಿ ಇದಕ್ಕೆ ಸಿಗುವುದು ಏಪ್ರಿಲ್, ಮೇ ಎರಡೇ ತಿಂಗಳು. ಕೇರಳದ ಶಾಲೆಗಳಿಗೆ ಆಗ ರಜೆ. ಗ್ರಂಥಾಲಯ, ಯುವಕ ಮಂಡಲ, ಕಡಲ ತಡಿಯ ಭಜನಾಮಂದಿರ, ಹೆಂಗಸರ ಸ್ವಸಹಾಯ ಗುಂಪಾದ ಕುಟುಂಬಶ್ರೀ ಘಟಕ ಎಲ್ಲೆಡೆ ಮಕ್ಕಳು ಸಿಗುತ್ತಾರೆ. ಸಂಶಯ ಬಂದರೆ ಕೇಳಲು ಆಚೆ ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ, ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಈಚೆ ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ.

ಎಂಟು ವಾರದಲ್ಲಿ ಇಪ್ಪತ್ತು ಬಗೆಯ ಕಾರ್ಯಕ್ರಮ ಮಾಡುತ್ತೇವೆಂದು ಬರೆದುಕೊಟ್ಟವರ ಯೋಜನೆ ಮೂರನೇ ವಾರಕ್ಕೇ ಸುಸ್ತಾಗುತ್ತದೆ. ಮೂರೇ ಚಟುವಟಿಕೆ ಸಾಕು, ಒಂದೊಂದನ್ನೂ ಹತ್ತು ಸಲ ಮಾಡಿ. ಮೊದಲ ಎರಡು ವಾರ ಮಕ್ಕಳನ್ನು ಕರೆಯಲೇಬೇಡಿ. ದಡ ನೋಡುವುದು, ಮೀನಿನ ಹೆಸರು ಕಲಿಯುವುದು, ಪ್ರಯೋಗ ಕೆಡಿಸಿಕೊಳ್ಳುವುದು, ಇಷ್ಟಕ್ಕೇ ಆ ದಿನಗಳು ಬೇಕು.

ಮೊದಲನೆಯ ಚಟುವಟಿಕೆ ದಡದ ನಡಿಗೆ. ಅದರ ದಿನವನ್ನು ಭಾನುವಾರ ನೋಡಿ ಗೊತ್ತುಮಾಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಅದನ್ನು ಗೊತ್ತುಮಾಡುವುದು ಚಂದ್ರ. ಗೋಡೆಯ ಪಂಚಾಂಗ ತೆಗೆಯಿರಿ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ಮರುದಿನ ಎರಡು ದಿನ ಕಡಲ ನೀರಿನ ಇಳಿತ ದೊಡ್ಡದು. ಅಷ್ಟಮಿ, ನವಮಿಯ ಹೊತ್ತಿಗೆ ನೀರು ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಗಂಟೆ, ನಿಮಿಷಕ್ಕೆ ನವಮಂಗಳೂರು ಬಂದರಿನ ಭರತ-ಇಳಿತದ ಪಟ್ಟಿ ನೋಡಬೇಕು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ: ಇವತ್ತು ಬೆಳಿಗ್ಗೆ 6ಕ್ಕೆ ತಳ ಮುಟ್ಟಿದರೆ ನಾಳೆ 6.50ರ ಸುಮಾರಿಗೆ, ನಾಡಿದ್ದು 7.40ಕ್ಕೆ. ದಿನಕ್ಕೆ ಎರಡು ಇಳಿತ ಇದ್ದರೂ ಎರಡೂ ಒಂದೇ ಮಟ್ಟದವಲ್ಲ, ಪಟ್ಟಿಯಲ್ಲಿ ಎತ್ತರದ ಅಂಕಿಯನ್ನೂ ಓದಿ. ಅಳಿವೆಯ ಒಳಗೆ, ವಲಿಯಪರಂಬದ ಹಿನ್ನೀರಿನಂಥಲ್ಲಿ, ನೀರು ತಿರುಗುವುದು ಕಡಲಿಗಿಂತ ತಡ. ಹೀಗೆ ಲೆಕ್ಕ ಹಾಕಿದರೆ ಬಿಸಿಲೇರುವ ಮೊದಲು ಮುಗಿಸಬಹುದಾದ ಒಳ್ಳೆಯ ಬೆಳಗುಗಳು ಹದಿನೈದು ದಿನಕ್ಕೆ ನಾಲ್ಕೈದು ಮಾತ್ರ. ಶಿಬಿರದವರಿಗೆ ಮೊದಲು ಕೊಡಬೇಕಾದ್ದು ಈ ತಾರೀಕುಗಳ ಚೀಟಿ. ಅವರು ತಮ್ಮ ತಾರೀಕು ಹೇಳುವ ಮೊದಲೇ ಕೊಟ್ಟುಬಿಡಬೇಕು.

ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರ್ ಏರಿಳಿಯುತ್ತದೆ. ನಮ್ಮಲ್ಲಿ ದೊಡ್ಡ ಇಳಿತಕ್ಕೂ ಒಂದು, ಒಂದೂವರೆ ಮೀಟರ್ ಅಷ್ಟೇ. ಹಾಗಾಗಿ ಬೇಕಲ ಕೋಟೆಯ ಬುಡದಂಥ ಬಂಡೆಗಳಲ್ಲಿ ಹೊಂಡ ನೋಡಲು ಸಿಗುವ ಸಮಯ ತೀರಾ ಕಡಿಮೆ. ಇಳಿತ ತಳ ಮುಟ್ಟುವುದಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಬೇಕು, ನೀರು ತಿರುಗಿದ ಕೂಡಲೇ ಹಿಂದೆ ಬರಬೇಕು. ಎಂಟು ಮಕ್ಕಳಿಗೆ ಒಬ್ಬರು ದೊಡ್ಡವರು. ಹವಾಯಿ ಚಪ್ಪಲಿ ಪಾಚಿಯ ಮೇಲೆ ಜಾರುತ್ತದೆ, ಬರಿಗಾಲಿಗೆ ಸಿಂಪಿಯ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಹಿಂಬದಿಗೆ ಪಟ್ಟಿಯಿರುವ ಹಳೆಯ ಸ್ಯಾಂಡಲ್ಲೇ ವಾಸಿ. ಎತ್ತಿದ ಕಲ್ಲನ್ನು ಅದೇ ಮಗ್ಗುಲಿಗೆ ಮರಳಿ ಇಡಬೇಕು. ಅಡಿಭಾಗದಲ್ಲಿದ್ದ ಜೀವಿಗಳು ಬಿಸಿಲಿಗೆ ಬಿದ್ದರೆ ಬದುಕುವುದಿಲ್ಲ.

ಬಂಡೆ ಇಲ್ಲದ ಊರಿನವರು ಬೇಸರ ಮಾಡಬೇಕಿಲ್ಲ. ಬರಿಯ ಮರಳಿನ ದಡದಲ್ಲಿ ಇಡೀ ಗಂಟೆ ಕಳೆಯಬಹುದು. ಅಲೆ ಹಿಂದಕ್ಕೆ ಸರಿಯುವಾಗ ಒದ್ದೆ ಮರಳಿನ ಮೇಲೆ ಸಣ್ಣ ಸಣ್ಣ ಇಂಗ್ಲಿಷಿನ ವಿ ಅಕ್ಷರದಂಥ ಗೆರೆಗಳು ಮೂಡುವುದನ್ನು ನೋಡಿ, ಅಲ್ಲಿ ಎರಡೂ ಕೈಯಿಂದ ಮರಳು ಬಾಚಿದರೆ ಹೆಬ್ಬೆರಳಿನ ಗಾತ್ರದ, ಮೊಟ್ಟೆಯಾಕಾರದ ಮರಳೇಡಿ ಸಿಗುತ್ತದೆ. ಅಂಗೈಯಲ್ಲೇ ಅದು ಹಿಂದುಹಿಂದಕ್ಕೆ ಅಗೆಯಲು ನೋಡುತ್ತದೆ, ಕಚಕುಳಿ ಇಟ್ಟ ಹಾಗಾಗುತ್ತದೆ. ಅಗಲ ಬಾಯಿಯ ಗಾಜಿನ ಬಾಟಲಿಗೆ ಅರ್ಧ ಮರಳು, ಮೇಲೆ ಕಡಲ ನೀರು ತುಂಬಿ ಅದನ್ನು ಬಿಡಿ. ಎರಡೇ ಸೆಕೆಂಡಿಗೆ ಮಾಯ. ಮರಳಿನ ಮೇಲೆ ಉಳಿಯುವುದು ಎರಡು ಕಣ್ಣಿನ ಕಡ್ಡಿ ಮಾತ್ರ. ಬಾಟಲಿಯನ್ನು ಮೆಲ್ಲಗೆ ವಾಲಿಸಿ ನೀರಿಗೆ ಹರಿವು ಕೊಟ್ಟರೆ ಕೆಲವೊಮ್ಮೆ ನವಿಲುಗರಿಯಂಥ ಮೀಸೆ ಬಿಚ್ಚಿ ನೀರು ಸೋಸುತ್ತದೆ. ಐದು ನಿಮಿಷ ಮೀರಿಸದೆ ಮರಳಿ ಬಿಟ್ಟುಬಿಡಬೇಕು, ಬಾಟಲಿಯ ನೀರು ಬೇಗ ಕಾಯುತ್ತದೆ.

ಮನೆಗೆ ಏನನ್ನೂ ಒಯ್ಯುವಂತಿಲ್ಲ ಎಂಬ ನಿಯಮಕ್ಕೆ ಕಾರಣವನ್ನೂ ಹೇಳಿ. ಹವಳ, ಕಡಲಸೌತೆ, ಕಡಲ್ಕುದುರೆ, ಕಡಲಾಮೆ, ಕೆಲವು ಜಾತಿಯ ಶಂಖ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಸತ್ತು ಬಿದ್ದದ್ದೆಂಬ ಸಬೂಬು ನಡೆಯುವುದಿಲ್ಲ. ಕೈಗೆ ಕೊಡಲೇಬೇಕೆಂದಿದ್ದರೆ ಬಿಳಿಯ, ಹಗುರವಾದ, ಒಂದು ತುದಿ ಚೂಪಾದ ಸಮುದ್ರಫೇನ ಕೊಡಿ. ಅದು ನೊರೆಯಲ್ಲ, ಕಪ್ಪೆಬೊಂಡಾಸದ (ಇಂಗ್ಲಿಷಿನ ಕಟಲ್‌ಫಿಶ್) ಒಳಚಿಪ್ಪು. ಉಗುರಿನಿಂದ ಗೀರಿದರೆ ಪುಡಿಯಾಗುತ್ತದೆ, ಮುರಿದರೆ ಪದರ ಪದರವಾಗಿ ಗಾಳಿಯ ಕೋಣೆಗಳು ಕಾಣುತ್ತವೆ. ಆ ಕೋಣೆಗಳಿಗೆ ನೀರು ತುಂಬಿ, ಬರಿದುಮಾಡಿ ಆ ಜೀವಿ ಮೇಲೆ ಕೆಳಗೆ ತೇಲುತ್ತದೆ. ಮೊಟ್ಟೆಯ ಪಾಠ ಇಲ್ಲಿಗೇ ಬಂದು ಸೇರುತ್ತದೆ.

ಎರಡನೆಯ ಚಟುವಟಿಕೆ ಕಣ್ಣಿಗೆ ಕಾಣದ ತೇಲುಜೀವಿಗಳದ್ದು. ಪಠ್ಯದಲ್ಲಿ ಪ್ಲವಕ ಎನ್ನುತ್ತಾರೆ. ಬಾಯಿಪಾಠ ಮಾಡಿದ ಮಕ್ಕಳೂ ಅದನ್ನು ಕಂಡಿರುವುದಿಲ್ಲ. ಬಲೆಯನ್ನು ದುಡ್ಡು ಕೊಟ್ಟು ತರಿಸಬೇಕಿಲ್ಲ. ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಚೌಕಟ್ಟಿಗೆ ಬಿಗಿಯುವ ನೈಲಾನ್ ಬಟ್ಟೆ ಕೇಳಿ. ಸೆಂಟಿಮೀಟರಿಗೆ 77 ಎಳೆಯದರ ತೂತು ಸುಮಾರು 75 ಮೈಕ್ರಾನ್, 43 ಎಳೆಯದರದು 150ರ ಹತ್ತಿರ. ದಪ್ಪ ತಂತಿಯ 25 ಸೆಂಟಿಮೀಟರ್ ಅಗಲದ ಬಳೆ ಮಾಡಿ, ಅದಕ್ಕೆ 75 ಸೆಂಟಿಮೀಟರ್ ಉದ್ದದ ಸೋಸುಚೀಲ ಹೊಲಿಯಿರಿ. ತುದಿಯಲ್ಲಿ ಅಗಲ ಬಾಯಿಯ ಸಣ್ಣ ಬಾಟಲಿಯನ್ನು ಪೈಪಿಗೆ ಹಾಕುವ ಕ್ಲಿಪ್ಪಿನಿಂದ ಬಿಗಿಯಿರಿ. ಬಳೆಗೆ ಸಮದೂರದಲ್ಲಿ ಮೂರು ದಾರ. ಎರಡೇ ಕಟ್ಟಿದರೆ ಬಾಯಿ ಮಗುಚಿಕೊಳ್ಳುತ್ತದೆ. ಬಳೆಯ ಕೆಳಗೆ ಮೀನಿನ ಬಲೆಯ ಸೀಸದ ಗುಂಡು ಒಂದೆರಡು. ಹೊಲಿಗೆಯ ತೂತಿನಿಂದ ಎಲ್ಲ ಜಾರಿಹೋಗದಂತೆ ಅಂಚನ್ನು ಎರಡು ಮಡಿಕೆ ಮಾಡಿ ಹೊಲಿಯಬೇಕು.

ದೋಣಿ ಬೇಡ. ಕಡವಿನ ಕಟ್ಟೆಯಲ್ಲಿ ನಿಂತು, ಭರತದ ನೀರು ಒಳಬರುವಾಗ ಹರಿವಿಗೆ ಎದುರಾಗಿ ಐದರಿಂದ ಹತ್ತು ನಿಮಿಷ ಹಿಡಿದರೆ ಸಾಕು. ಎತ್ತಿದ ಮೇಲೆ ಚೀಲದ ಹೊರಗಿನಿಂದ ನೀರು ಎರಚಿ ಅಂಟಿಕೊಂಡದ್ದನ್ನೆಲ್ಲ ಬಾಟಲಿಗೆ ಇಳಿಸಬೇಕು. ಒಳಗಿನಿಂದ ಎರಚಿದರೆ ಸೋಸದ ನೀರು ಸೇರಿಬಿಡುತ್ತದೆ. ಬಾಟಲಿ ಅರ್ಧ ಮಾತ್ರ ತುಂಬಲಿ, ನೆರಳಲ್ಲಿರಲಿ, ಒಂದು ಗಂಟೆಯೊಳಗೆ ನೋಡಿಬಿಡಿ. ಬಿಸಿಯಾದ ತುಂಬಿದ ಬಾಟಲಿಯಲ್ಲಿ ಉಸಿರಿಗೆ ಸಾಲದೆ ಎಲ್ಲ ಸತ್ತು ತಳಕ್ಕಿಳಿಯುತ್ತವೆ. ಸತ್ತದ್ದನ್ನು ನೋಡಲು ಮಕ್ಕಳಿಗೆ ಉತ್ಸಾಹವಿರುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಮನು ಪ್ರಕಾಶ್ ಅವರ ತಂಡ ರೂಪಿಸಿದ ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ 140 ಪಟ್ಟು ತೋರಿಸುತ್ತದೆ, ಇದಕ್ಕೆ ಧಾರಾಳ ಸಾಕು. ಒಂದೇ ತೊಂದರೆ, ಒಂದು ಸಲಕ್ಕೆ ಒಬ್ಬರಿಗಷ್ಟೇ ಕಾಣುವುದು. ಅದನ್ನು ಫೋನಿನ ಕ್ಯಾಮೆರಾಕ್ಕೆ ಅಂಟಿಸಿ, ಪ್ರೊಜೆಕ್ಟರಿನಿಂದ ಗೋಡೆಗೆ ಬಿಂಬ ಬೀಳಿಸಿದರೆ ನೂಕುನುಗ್ಗಲು ತಪ್ಪುತ್ತದೆ.

ಬೇಸಗೆಯಲ್ಲಿ ಬಲೆ ಎರಡೇ ನಿಮಿಷಕ್ಕೆ ಕಟ್ಟಿಕೊಂಡು, ನೀರು ಇಳಿಯದೆ ಚೀಲ ಉಬ್ಬಿದರೆ ಬಟ್ಟೆಯನ್ನು ಬೈಯಬೇಡಿ. ಮಳೆಗಾಲಕ್ಕೆ ಮುಂಚಿನ ಶಾಂತ ಅರಬ್ಬಿ ಸಮುದ್ರದಲ್ಲಿ ಟ್ರೈಕೋಡೆಸ್ಮಿಯಂ ಎಂಬ ನೀಲಿಹಸಿರು ಸೂಕ್ಷ್ಮಜೀವಿ ರಾಶಿ ರಾಶಿಯಾಗಿ ಮೇಲೆದ್ದು ತೇಲುತ್ತದೆ. ದೂರದಿಂದ ಗರಗಸದ ಹೊಟ್ಟು ಚೆಲ್ಲಿದ ಹಾಗೆ, ದಡಕ್ಕೆ ಬಂದು ಕೊಳೆತರೆ ನಾತ. ಜನ ಹಡಗಿನ ಎಣ್ಣೆಯೆಂದೋ ಚರಂಡಿಯೆಂದೋ ಗಾಬರಿಪಡುತ್ತಾರೆ, ವಾಟ್ಸ್ಯಾಪಿನಲ್ಲಿ ವಿಡಿಯೋ ಓಡಾಡುತ್ತದೆ. ಒಂದು ಹನಿ ಕಾಗದದ ಸೂಕ್ಷ್ಮದರ್ಶಕದಡಿ ಇಟ್ಟರೆ ಹುಲ್ಲಿನ ಕಟ್ಟಿನ ಹಾಗೆ ಎಳೆಗಳು ಕಾಣುತ್ತವೆ. ಗಾಳಿಯ ಸಾರಜನಕವನ್ನು ಹಿಡಿದು ಕಡಲಿಗೆ ಗೊಬ್ಬರ ಹಾಕುವ ಜೀವಿ ಇದು. ಶಿಬಿರದಲ್ಲಿ ಇದನ್ನು ನೋಡಿದ ಹುಡುಗನೊಬ್ಬ ಮನೆಯ ಗ್ರೂಪಿನಲ್ಲಿ ಎರಡು ಸಾಲು ಬರೆದರೆ ಅದು ಹತ್ತು ಭಾಷಣಕ್ಕೆ ಸಮ.

ಮೂರನೆಯದು ಮೀನು. ಇಲ್ಲಿ ಕಷ್ಟ ಕತ್ತರಿಯಲ್ಲಿಲ್ಲ, ಹೆಸರಿನಲ್ಲಿದೆ. ತುಳು, ಕನ್ನಡ ಮಾತಾಡುವ ಮನೆಯಲ್ಲಿ ಬೂತಾಯಿ, ಮಲಯಾಳದವರ ಮನೆಯಲ್ಲಿ ಮತ್ತಿ, ಕೊಂಕಣಿಯಲ್ಲಿ ತಾರ್ಲೆ, ಮೀನು ಒಂದೇ. ಬಂಗುಡೆ ಅಯಲ ಆಗುತ್ತದೆ, ಅಂಜಲ್ ನೆಯ್‌ಮೀನ್ ಆಗುತ್ತದೆ, ಪಚ್ಚಿಲೆ ಎಂಬ ಚಿಪ್ಪುಜೀವಿ ಕಲ್ಲುಮ್ಮಕ್ಕಾಯಿ ಆಗುತ್ತದೆ. ಶಿಬಿರದ ಮೊದಲ ಹತ್ತು ನಿಮಿಷ ಗೋಡೆಯ ಮೇಲಿನ ದೊಡ್ಡ ಕಾಗದದಲ್ಲಿ ಮಕ್ಕಳಿಂದಲೇ ಹೆಸರು ಬರೆಸಿ. ಲ್ಯಾಟಿನ್ ಹೆಸರಿಗೆ ಕೊನೆಯ ಕಾಲಮ್ಮು. ಇಂಗ್ಲಿಷಿನಲ್ಲಿ ಮಾತ್ರ ಮೀನು ಗೊತ್ತಿರುವ ಇಂಟರ್ನ್‌ಗೆ ಮೀನು ಇಳಿಸುವ ದಕ್ಕೆಯಲ್ಲಿ ಯಾರೂ ಉತ್ತರ ಕೊಡುವುದಿಲ್ಲ. "ಅಣ್ಣಾ, ಇದಕ್ಕೆ ನಿಮ್ಮಲ್ಲಿ ಏನು ಹೇಳುತ್ತೀರಿ?" ಎಂದು ಕೇಳಿದವರಿಗೆ, ಅಥವಾ ಮಲಯಾಳ ಮಾತಾಡುವವರೆದುರು "ಏಟ್ಟಾ" ಎಂದು ಶುರುಮಾಡಿದವರಿಗೆ, ಬುಟ್ಟಿಯಲ್ಲಿದ್ದದ್ದೆಲ್ಲ ಹೆಸರು ಸಮೇತ ಸಿಗುತ್ತದೆ. ಕೇಳುವ ಹೊತ್ತೂ ಮುಖ್ಯ. ಹರಾಜು ನಡೆಯುವಾಗ ಬಾಯಿ ಮುಚ್ಚಿ ನಿಲ್ಲಬೇಕು, ಬಲೆ ಹೆಣೆಯಲು ಕೂತಾಗ ಕೇಳಬೇಕು.

ಕೊಯ್ದು ನೋಡಲು ಬಂಗುಡೆ ಒಳ್ಳೆಯದು. ಬಾಯಿ ಅಗಲಿಸಿದರೆ ಸಾಕು, ಗಂಟಲಿನ ಇಕ್ಕೆಲದಲ್ಲೂ ಗರಿಯಂತೆ ಉದ್ದುದ್ದ ಕಡ್ಡಿಗಳು ಕಾಣುತ್ತವೆ. ಕಿವಿರಿನ ಮುಚ್ಚಳವನ್ನು ಕತ್ತರಿಯಿಂದ ತೆಗೆದು, ಮೊದಲ ಕಮಾನನ್ನು ಎರಡೂ ತುದಿಯಲ್ಲಿ ಕತ್ತರಿಸಿ, ಬಿಳಿ ತಟ್ಟೆಯ ನೀರಿನಲ್ಲಿ ಬಿಡಿ. ಒಂದು ಮಗ್ಗುಲಿಗೆ ಉಸಿರಾಡುವ ಕೆಂಪು ಎಳೆ, ಇನ್ನೊಂದಕ್ಕೆ ಸೋಸುವ ಬಿಳಿ ಕಡ್ಡಿ. ಬೂತಾಯಿಯದು ಇನ್ನೂ ನವಿರು, ಹೇನಿನ ಬಾಚಣಿಗೆಯ ಹಾಗೆ ಒತ್ತೊತ್ತು. ಪಕ್ಕದಲ್ಲಿ ಅಂಜಲಿನ ತಲೆಯಿಟ್ಟರೆ ಅದರಲ್ಲಿ ಕಡ್ಡಿಗಳು ಬೆರಳೆಣಿಕೆಯಷ್ಟು, ಮೋಟು. ಬೇಟೆಯಾಡಿ ನುಂಗುವವನಿಗೆ ಜರಡಿ ಯಾಕೆ? ಬಲೆಯಲ್ಲಿ ನಿನ್ನೆ ಸಿಕ್ಕಿದ ತೇಲುಜೀವಿಗಳನ್ನು ತಿನ್ನುವವರು ಯಾರೆಂದು ಆಗ ಹೇಳಬೇಕಾಗಿಯೇ ಇಲ್ಲ.

ಬೂತಾಯಿಯನ್ನು ಬೆಳಿಗ್ಗೆ ತಂದು ಮಧ್ಯಾಹ್ನ ಕೊಯ್ಯುತ್ತೇವೆಂದರೆ ಹೊಟ್ಟೆ ಒಡೆದಿರುತ್ತದೆ. ಅದರ ಜಠರದ ರಸಗಳೇ ಗೋಡೆಯನ್ನು ಕರಗಿಸುತ್ತವೆ. ಮೀನಿನಷ್ಟೇ ತೂಕದ ಪುಡಿ ಐಸು ಬೇಕು, ಎರಡು ಗಂಟೆಯೊಳಗೆ ಮುಗಿಸಬೇಕು. ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ ಮೀನು ಮುಟ್ಟದ ಮನೆಗಳಿಂದಲೂ ಮಕ್ಕಳು ಬರುತ್ತಾರೆ. ಮೊದಲೇ ತಿಳಿಸಿ, ಪಕ್ಕದಲ್ಲಿ ಚಿಪ್ಪು ಮತ್ತು ಸಮುದ್ರಫೇನದ ಇನ್ನೊಂದು ಮೇಜು ಇಡಿ. ಯಾರನ್ನೂ ಒತ್ತಾಯಿಸಬೇಡಿ, ತಮಾಷೆಯಂತೂ ಬೇಡವೇ ಬೇಡ.

ಕಸ ಹೆಕ್ಕುವ ಕಾರ್ಯಕ್ರಮ ಎಲ್ಲರಿಗೂ ಗೊತ್ತಿರುವುದರಿಂದ ಒಂದೇ ಎಚ್ಚರಿಕೆ. ಮರಳಿನಲ್ಲಿರುವ 5 ಮಿಲಿಮೀಟರಿಗಿಂತ ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ದಟ್ಟ ಉಪ್ಪುನೀರಿನಲ್ಲಿ ತೇಲಿಸುವ ಪ್ರಯೋಗವಿದೆಯಲ್ಲ, ಲೀಟರಿಗೆ 350 ಗ್ರಾಂ ಕರಗಿಸಿದರೂ ಆ ನೀರಿನ ಸಾಂದ್ರತೆ 1.2 ಮಾತ್ರ. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿನದು 1.38. ಅದು ತೇಲುವುದಿಲ್ಲ. ತಟ್ಟೆಯಲ್ಲಿ ಕಾಣದ ಕೂಡಲೇ ನಮ್ಮ ದಡದಲ್ಲಿ ಇಲ್ಲವೆಂದು ಬರೆದುಕೊಂಡರೆ ಮೊಟ್ಟೆಯ ಕೈಪಿಡಿಯವರು ಮಾಡಿದ ತಪ್ಪನ್ನೇ ಮಾಡಿದ ಹಾಗೆ.

ಏಪ್ರಿಲ್, ಮೇ ತಿಂಗಳ ಕಡಲು ಕೊಳದ ಹಾಗಿರುತ್ತದೆ ಎಂಬ ನಂಬಿಕೆಗೆ ಮಲಯಾಳದಲ್ಲಿ ಒಂದು ತಿದ್ದುಪಡಿ ಇದೆ: ಕಳ್ಳಕ್ಕಡಲ್. ಕನ್ನಡಕ್ಕೆ ಅನುವಾದವೇ ಬೇಡ, ಕಳ್ಳಕಡಲು. ಇಲ್ಲಿ ಗಾಳಿಯಿಲ್ಲ, ಮೋಡವಿಲ್ಲ. ಸಾವಿರಾರು ಕಿಲೋಮೀಟರ್ ದಕ್ಷಿಣಕ್ಕೆ, ಹಿಂದೂ ಮಹಾಸಾಗರದ ತಳತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ ಬಂದು, ಹೇಳದೆ ಕೇಳದೆ ದಡದ ಮನೆಗಳೊಳಗೆ ನುಗ್ಗುತ್ತವೆ. 2012ರಲ್ಲಿ ಯುನೆಸ್ಕೊ ಈ ಪದವನ್ನೇ ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ಮೀನುಗಾರರ ಮಾತು ಹಾಗೆಯೇ ವಿಜ್ಞಾನದ ಮಾತಾದದ್ದು ಮಕ್ಕಳಿಗೆ ಹೇಳಲೇಬೇಕಾದ ಸಂಗತಿ. 2024ರ ಮಾರ್ಚ್ 31ರಂದು ಕೇರಳದ ಕರಾವಳಿಗೆ ಇದು ಬಡಿದದ್ದು ಹಲವರಿಗೆ ನೆನಪಿರಬಹುದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮುನ್ಸೂಚನೆ ಕೊಡುತ್ತದೆ. ನಡಿಗೆಯ ಹಿಂದಿನ ಸಂಜೆ ಮತ್ತು ಅದೇ ಬೆಳಿಗ್ಗೆ, ಎರಡು ಸಲ ನೋಡಬೇಕು. ದಡದಲ್ಲಿ ನಿಂತು ಮಾಡುವ ಪರೀಕ್ಷೆಯೂ ಒಂದಿದೆ. ಒಂದು ಅಲೆ ಒಡೆದಾಗ ಗಡಿಯಾರ ಒತ್ತಿ, ಆಮೇಲೆ ಹತ್ತು ಅಲೆ ಎಣಿಸಿ, ಆದ ಸೆಕೆಂಡನ್ನು ಹತ್ತರಿಂದ ಭಾಗಿಸಿ. ಇಲ್ಲಿಯ ಗಾಳಿಯೇ ಎಬ್ಬಿಸಿದ ಅಲೆಗಳಾದರೆ ಹತ್ತು ಸೆಕೆಂಡಿನೊಳಗೆ ಇರುತ್ತದೆ. ಹದಿನೈದು ದಾಟಿದರೆ ಅಲೆ ದೂರದಿಂದ ಬಂದದ್ದು, ಅಂದು ಬಂಡೆಯ ಕಡೆ ಹೋಗುವುದು ಬೇಡ. ಗ್ರಂಥಾಲಯದ ಜಗಲಿಯಲ್ಲಿ ಮೊಟ್ಟೆಯ ಲೋಟ ಇಡಿ.

ಎಷ್ಟು ಮಕ್ಕಳು ಬಂದರೆಂಬ ಲೆಕ್ಕವನ್ನು ವರದಿ ಕೇಳುವವರು ಕೇಳುತ್ತಾರೆ, ಕೊಡಿ. ಆದರೆ ಉಪಯೋಗಕ್ಕೆ ಬರುವುದು ಚಿತ್ರಗಳು. ಮೊದಲ ದಿನ ಮಾತಿಗೆ ಮುಂಚೆ, ಕೊನೆಯ ದಿನ ಮಾತಾದ ಮೇಲೆ, "ಕಡಲಿನ ಚಿತ್ರ ಬಿಡಿಸು" ಎಂದು ಎರಡು ಹಾಳೆ ಕೊಡಿ. ಮೊದಲನೆಯದರಲ್ಲಿ ಟೀವಿಯ ತಿಮಿಂಗಿಲ, ತೆಂಗಿನಮರ, ಮುಳುಗುವ ಸೂರ್ಯ. ಎರಡನೆಯದರಲ್ಲಿ ಮರಳೇಡಿ, ಕಿವಿರು, ಅಥವಾ ಮೇಲೆ ಹಾರುವ ಬಿಳಿಹೊಟ್ಟೆಯ ಕಡಲಹದ್ದು ಬಂದಿದೆಯೇ ನೋಡಿ. ಅದು 2023ರಲ್ಲಿ ಜಿಲ್ಲೆಯ ಹಕ್ಕಿಯೆಂದು ಘೋಷಣೆಯಾದದ್ದು, ಆದರೂ ಹದ್ದೆಂದರೆ ಮಕ್ಕಳು ಬಿಡಿಸುವುದು ಇಂಗ್ಲಿಷ್ ಪುಸ್ತಕದ ಬೋಳುತಲೆಯ ಹದ್ದನ್ನೇ.

ಕೊನೆಯ ವಾರ ಹಿನ್ನೀರಿಗೆ, ಪಡನ್ನ, ಚೆರುವತ್ತೂರಿನ ಕಡೆಗೆ ಹೋಗಿ ಬನ್ನಿ. ಅಲ್ಲಿ ಬಿದಿರಿನ ಚೌಕಟ್ಟಿನಿಂದ ಇಳಿಬಿಟ್ಟ ಹಗ್ಗಗಳಲ್ಲಿ ಪಚ್ಚಿಲೆ ಬೆಳೆಸುತ್ತಾರೆ, ಹೆಚ್ಚಾಗಿ ಹೆಂಗಸರ ಗುಂಪುಗಳು. ಬಂಡೆಯಿಂದ ತಂದ ಮರಿಗಳನ್ನು ಹಗ್ಗದ ಸುತ್ತ ಹರಡಿ ಹತ್ತಿಯ ಬಲೆಬಟ್ಟೆ ಸುತ್ತಿ ಹೊಲಿಯುತ್ತಾರೆ. ಬಟ್ಟೆ ನೀರಿನಲ್ಲಿ ಕೊಳೆತು ಬಿದ್ದುಹೋಗುವುದರೊಳಗೆ ಮರಿಗಳು ತಮ್ಮದೇ ನಾರಿನಿಂದ ಹಗ್ಗವನ್ನು ಹಿಡಿದುಕೊಂಡಿರುತ್ತವೆ. ನವೆಂಬರ್, ಡಿಸೆಂಬರಿನಲ್ಲಿ ಕಟ್ಟಿದ್ದನ್ನು ಏಪ್ರಿಲ್, ಮೇಯಲ್ಲಿ ಎತ್ತುತ್ತಾರೆ. ಇನ್ನೂ ಒಂದು ತಿಂಗಳು ಬಿಟ್ಟರೆ ದೊಡ್ಡದಾಗುವುದಿಲ್ಲವೇ ಎಂದು ಮಕ್ಕಳು ಕೇಳಿದರೆ ಉತ್ತರ ಹೇಳಬೇಡಿ, ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಕೈಗೆ ಕೊಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನ ಒಂದು ಹನಿಯಿಂದ ಅದನ್ನು ಸೊನ್ನೆಗೆ ತಂದು, ಗಾಜು ಒರೆಸಿ, ಹಿನ್ನೀರಿನ ಹನಿ ಬಿಟ್ಟು, ಬೆಳಕಿಗೆ ಹಿಡಿದು ಓದಿ ತಾರೀಕು ಸಮೇತ ಬರೆದಿಡಲಿ. ಜೂನಿನ ಮೊದಲ ಜೋರು ಮಳೆ ಕಳೆದು ನಾಲ್ಕು ದಿನಕ್ಕೆ, ಹೊಳೆಯ ಕೆಂಪುನೀರು ಇಳಿದು ಬರುವಾಗ, ಅದೇ ಕಟ್ಟೆಯಿಂದ ಇನ್ನೊಂದು ಹನಿ. ಹಗ್ಗ ಯಾಕೆ ಮೇಲಿದೆಯೆಂದು ಆ ಎರಡು ಅಂಕಿ ಹೇಳುತ್ತವೆ. ಆ ಹೊತ್ತಿಗೆ ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಮಂಗಳೂರಿನ ಬೋಟುಗಳು ಜೂನ್ 1ರಿಂದಲೇ ದಡ ಹತ್ತಿರುತ್ತವೆ, ನಮ್ಮ ಕಡೆಯ ಟ್ರಾಲ್ ಬೋಟುಗಳು 9ರ ನಡುರಾತ್ರಿಗೆ ನಿಲ್ಲುತ್ತವೆ. ಇಂಟರ್ನ್ ಊರಿಗೆ ಹೊರಟಿರುತ್ತಾರೆ. ಎರಡನೆಯ ಹನಿ ಯಾರು ತೆಗೆಯಬೇಕೆಂದು ಮೇ ತಿಂಗಳಲ್ಲೇ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಗೊತ್ತುಮಾಡಿ, ಮಾಪಕವನ್ನು ಗ್ರಂಥಾಲಯದ ಕಪಾಟಿನಲ್ಲಿ ಬಿಟ್ಟು ಹೋಗಿ. ಗಾಜು ಸಿಹಿನೀರಲ್ಲಿ ಒರೆಸಿಡಲು ಮರೆಯಬೇಡಿ, ಉಪ್ಪು ಕೂತರೆ ಮುಂದಿನ ಓದು ತಪ್ಪುತ್ತದೆ.